ಬನ್ನೇರುಘಟ್ಟ ರಸ್ತೆಯ ಕಲ್ಲುಕಟ್ಟಡಕ್ಕೆ ಅರ್ಜಿ

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಬರೆದುಕೊಂಡಿದ್ದು.)



ನನಗೆ ಕೊಟ್ಟಿರುವ ವಿಷಯ ಐ.ಐ.ಎಂ.ಗೆ ಅರ್ಜಿ ಹಾಕುವುದು. ಬೆಳಗ್ಗೆಯಿಂದ ಇಲ್ಲಿ ಭೂಮಿಯ ಬಗ್ಗೆ, ದೌರ್ಜನ್ಯದ ಕೇಸುಗಳ ಬಗ್ಗೆ ಮಾತು ನಡೆದಿದೆ. ಅದರ ಬೆನ್ನಿಗೇ ಈ ವಿಷಯ ತೆಗೆದರೆ ಕೆಲವರ ಮುಖ ಗಂಟಾಗುತ್ತೆ ಅಂತ ನನಗೂ ಗೊತ್ತು. ಟೀ ಕುಡಿಯುವಾಗ ಹಿರಿಯರೊಬ್ಬರು ಕೇಳಿಯೇ ಬಿಟ್ಟರು: 'ಏನಪ್ಪಾ, ನಮ್ ಹುಡುಗರನ್ನ ಕಂಪ್ನಿಯವರ ಸೋಪು ಮಾರೋಕೆ ಕಳಿಸ್ತೀಯಾ?'

ಅವರಿಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಸೋಪು ಮಾರೋದು ಕೀಳು ಕೆಲಸವೇನಲ್ಲ. ಆದರೆ ಆ ಶಾಲೆಯಲ್ಲಿ ಓದಿ ಬಂದವರು ಬೀದೀಲಿ ಸೋಪು ಮಾರೋದಿಲ್ಲ. ಸೋಪಿಗೆ ಎಷ್ಟು ಬೆಲೆ ಅಂತ ಬರೆಯೋರು ಅವರು. ಕಾರ್ಖಾನೆ ಯಾವ ಊರಿಗೆ ಹೋಗಬೇಕು, ಬ್ಯಾಂಕು ಯಾರಿಗೆ ಸಾಲ ಕೊಡಬೇಕು, ಆಸ್ಪತ್ರೆಯ ಕಸ ಗುಡಿಸುವ ಕೆಲಸ ಕಾಯಂ ನೌಕರರಿಗೋ ಗುತ್ತಿಗೆದಾರನಿಗೋ ಅಂತ ಲೆಕ್ಕ ಹಾಕೋ ಮೇಜಿನ ಸುತ್ತ ಕೂರೋರು ಅವರು. ನಮ್ಮ ಅವ್ವ ಗುಡಿಸ್ತಾ ಇರೋದು ಆ ಮೇಜಿನ ಕೆಳಗೆ. ಗುತ್ತಿಗೆ ಬೇಡ ಅಂತ ನಾವು ಹೊರಗೆ ಧಿಕ್ಕಾರ ಕೂಗೋದು ಕೂಗೋಣ. ಒಳಗೆ ಆ ಲೆಕ್ಕ ಓದಬಲ್ಲವರು ನಮ್ಮವರೂ ನಾಲ್ಕು ಜನ ಇರಬೇಡವೇ?

ಬಾಬಾಸಾಹೇಬರನ್ನು ನಾವು ಕೈಯಲ್ಲಿ ಸಂವಿಧಾನ ಹಿಡಿದ ಪ್ರತಿಮೆಯಲ್ಲಿ ನೋಡಿ ರೂಢಿ. ಅವರು ಮೊದಲು ಓದಿದ್ದು ಅರ್ಥಶಾಸ್ತ್ರ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕೊಲಂಬಿಯಾಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಬಂದರು. 1917ರಲ್ಲಿ ದುಡ್ಡಿನ ಅವಧಿ ಮುಗಿಯಿತು ಅಂತ ಓದು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕಾಯಿತು. ಮುಂಬಯಿಯಲ್ಲಿ ಷೇರು ವ್ಯಾಪಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆ ಕೊಡೋರು ಅಸ್ಪೃಶ್ಯರು ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತುಹೋಯಿತು. 1918ರಿಂದ 1920ರವರೆಗೆ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. ಅದು ವಾಣಿಜ್ಯದ ಕಾಲೇಜು. ಅಲ್ಲಿಯ ಮೇಷ್ಟ್ರುಗಳು ತಮ್ಮ ನೀರಿನ ಹೂಜಿಯಿಂದ ಇವರು ಕುಡಿಯಬಾರದು ಅಂದರು. ಸಂಬಳದಲ್ಲಿ ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಸೇರಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, ರೂಪಾಯಿಯ ಸಮಸ್ಯೆ ಮೇಲೆ ಪ್ರಬಂಧ ಬರೆದರು. 1923ರಲ್ಲಿ ಅದು ಪುಸ್ತಕವಾಯಿತು. ಲೆಕ್ಕ, ದುಡ್ಡು, ವ್ಯಾಪಾರ ಇವು ನಮ್ಮ ವಿಷಯ ಅಲ್ಲ ಅನ್ನೋರು ಇದನ್ನು ಸ್ವಲ್ಪ ಓದಿಕೊಳ್ಳಬೇಕು.

ಇನ್ನೊಂದು ಮಾತು. ಖಾಸಗಿ ಕಂಪೆನಿಗಳ ಕೆಲಸದಲ್ಲಿ ನಮಗೆ ಮೀಸಲಾತಿ ಇಲ್ಲ. ಸರ್ಕಾರಿ ಕೆಲಸ ವರ್ಷ ವರ್ಷ ಕಡಿಮೆಯಾಗ್ತಾ ಇದೆ. ದೊಡ್ಡ ಸಂಬಳ, ದೊಡ್ಡ ಅಧಿಕಾರ ಎಲ್ಲಾ ಆ ಕಡೆಗೆ ಹೋಗಿದೆ. ಆ ಕಡೆಗೆ ಹೋಗೋ ದಾರಿಯಲ್ಲಿ ಕಾನೂನು ನಮ್ಮ ಜೊತೆ ನಿಂತಿರೋ ಬಾಗಿಲುಗಳು ಬಹಳ ಕಡಿಮೆ. ಐ.ಐ.ಎಂ. ಪ್ರವೇಶ ಅಂಥ ಒಂದು ಬಾಗಿಲು. ಅದನ್ನು ದಾಟಿದ ಮೇಲೆ ಕೆಲಸ ಕೊಡೋ ಕಂಪೆನಿಯವನು ನಿಮ್ಮ ಸರ್ಟಿಫಿಕೇಟ್ ಕೇಳೋದಿಲ್ಲ, ಅಲ್ಲಿ ಮೀಸಲಾತಿಯೂ ಇರೋದಿಲ್ಲ. ಆದ್ದರಿಂದ ಈ ಒಂದು ಬಾಗಿಲನ್ನು ನಾವೇ ಬಡಿಯದೆ ಬಿಟ್ಟರೆ ಮುಂದೆ ಬಡಿಯೋಕೆ ಬಾಗಿಲೇ ಇಲ್ಲ.

ಈಗ ಸಂಸ್ಥೆಯ ವಿಷಯ. 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದ್, 1973ರಲ್ಲಿ ನಮ್ಮ ಬೆಂಗಳೂರು. (ಅದೇ 1973ರ ಕೊನೆಗೆ ಬಸವಲಿಂಗಪ್ಪನವರ ಬೂಸಾ ಮಾತಿಗೆ ನಮ್ಮ ಹಾಸ್ಟೆಲ್ ಹುಡುಗರು ಏಟು ತಿಂದರು. ಹಿರಿಯರಿಗೆ ನೆನಪಿರುತ್ತೆ.) ಈಗ ದೇಶದಲ್ಲಿ ಐ.ಐ.ಎಂ.ಗಳು 20ಕ್ಕಿಂತ ಹೆಚ್ಚು ಇವೆ. ಬೆಂಗಳೂರಿನದು ಬನ್ನೇರುಘಟ್ಟ ರಸ್ತೆಯಲ್ಲಿದೆ. ಬಿ.ವಿ. ದೋಶಿ ಅನ್ನೋರು ನಕ್ಷೆ ಹಾಕಿದ ಬೂದುಗಲ್ಲಿನ ಕಟ್ಟಡ. ಕಲ್ಲು ಒಡೆಯೋ, ಹೊರೋ ಕೆಲಸ ನಮ್ಮ ನಾಡಿನಲ್ಲಿ ಯಾವ ಕೇರಿಯವರದು ಅಂತ ನಿಮಗೆ ಹೇಳಬೇಕಿಲ್ಲ. ಆ ಗೋಡೆ ನೋಡಿ ಹೆದರೋ ಅಗತ್ಯ ನಮಗಂತೂ ಇಲ್ಲ.

ಅಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ ಏಳೂವರೆ ಸೀಟು. ಇದು ಕೇಂದ್ರದ ಲೆಕ್ಕ. ನಮ್ಮ ರಾಜ್ಯದಲ್ಲಿ 2022ರಲ್ಲಿ 17 ಮತ್ತು 7 ಅಂತ ಮಾಡಿದ್ದು ಬೇರೆ, ಅದು ಇಲ್ಲಿಗೆ ಬರೋದಿಲ್ಲ. ಡಿಗ್ರಿಯಲ್ಲಿ ಬೇರೆಯವರಿಗೆ ನೂರಕ್ಕೆ 50 ಬೇಕು, ನಮಗೆ 45 ಸಾಕು. ಕೊನೆಯ ವರ್ಷದಲ್ಲಿ ಓದ್ತಾ ಇರೋರೂ ಹಾಕಬಹುದು. ಬಿ.ಎ. ಆದರೂ ಸರಿ, ಬಿ.ಎಸ್ಸಿ. ಆದರೂ ಸರಿ. ಇಂಜಿನಿಯರಿಂಗ್ ಮಾಡಿದವರಿಗೆ ಮಾತ್ರ ಅನ್ನೋದು ಸುಳ್ಳು.

ಪರೀಕ್ಷೆಗೆ ಕ್ಯಾಟ್ ಅಂತ ಹೆಸರು. ನವೆಂಬರ್ ಕೊನೆಯ ಒಂದು ಭಾನುವಾರ ನಡೆಯುತ್ತೆ. ಅರ್ಜಿ ಮಾತ್ರ ಆಗಸ್ಟ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿದುಹೋಗುತ್ತೆ. ಗಣೇಶನ ಹಬ್ಬ ಕಳೀಲಿ, ಆಮೇಲೆ ನೋಡೋಣ ಅಂದರೆ ಕೆಟ್ಟಿರಿ. 2024ರಲ್ಲಿ ನಮಗೆ ಅರ್ಜಿ ಶುಲ್ಕ 1,250 ರೂಪಾಯಿ, ಬೇರೆಯವರಿಗೆ 2,500. ಕೂಲಿಯವರ ಮನೆಗೆ ಇದೂ ಭಾರವೇ. ಆದರೆ ಒಂದು ಅರ್ಜಿಯಲ್ಲಿ ಎಷ್ಟು ಐ.ಐ.ಎಂ. ಬೇಕಾದರೂ ಗುರುತು ಹಾಕಬಹುದು, ಶುಲ್ಕ ಅಷ್ಟೇ. ನಮ್ಮ ಹುಡುಗರು ಬೆಂಗಳೂರು ಒಂದಕ್ಕೇ ಗುರುತು ಹಾಕಿ ಸುಮ್ಮನಾಗ್ತಾರೆ. ದೂರದ ಊರು, ಭಾಷೆ ಬರಲ್ಲ ಅಂತ ಅಂಜಿಕೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಐ.ಐ.ಎಂ.ಗಳಲ್ಲಿ ಹಲವು ಸೇರಿ ಒಂದೇ ಸಂದರ್ಶನ ಮಾಡ್ತವೆ, ಓಡಾಟವೂ ಕಡಿಮೆ. ದಿಲ್ಲಿ ವಿಶ್ವವಿದ್ಯಾಲಯದ ಎಫ್.ಎಂ.ಎಸ್. ಕೂಡ ಕ್ಯಾಟ್ ಅಂಕವನ್ನೇ ನೋಡುತ್ತೆ. ಅಲ್ಲಿ ಶುಲ್ಕ ಐ.ಐ.ಎಂ.ಗಿಂತ ಬಹಳ ಕಡಿಮೆ, ಅರ್ಜಿ ಮಾತ್ರ ಬೇರೆ ಹಾಕಬೇಕು.

ಪರೀಕ್ಷೆ ಎರಡು ಗಂಟೆ, ಕಂಪ್ಯೂಟರಿನ ಮುಂದೆ. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ: ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳೋದು, ಅಂಕಿ-ಅಂಶ ಮತ್ತು ತರ್ಕ, ಆಮೇಲೆ ಗಣಿತ. ಸರಿಯಾದರೆ ಮೂರು ಅಂಕ. ಆರಿಸಿ ಗುರುತು ಹಾಕೋ ಪ್ರಶ್ನೆ ತಪ್ಪಾದರೆ ಒಂದು ಅಂಕ ಹೋಗುತ್ತೆ. ಉತ್ತರವನ್ನು ನಾವೇ ಬರೆಯೋ ಪ್ರಶ್ನೆಗೆ ಆ ಕಡಿತ ಇಲ್ಲ, ಅದನ್ನು ಖಾಲಿ ಬಿಡೋದು ದಡ್ಡತನ. ಗಣಿತ ಹೆಚ್ಚಿನಂಶ ಹೈಸ್ಕೂಲಿನದೇ. ಕನ್ನಡದಲ್ಲಿ ಓದಿದವರಿಗೆ ಲ.ಸಾ.ಅ., ಮ.ಸಾ.ಅ. ಚೆನ್ನಾಗಿ ಗೊತ್ತು. ಅದನ್ನೇ ಎಲ್.ಸಿ.ಎಂ., ಎಚ್.ಸಿ.ಎಫ್. ಅಂತ ಕೇಳಿದರೆ ತಬ್ಬಿಬ್ಬು. ಗೊತ್ತಿರೋ ಗಣಿತಕ್ಕೆ ಇಂಗ್ಲಿಷ್ ಹೆಸರು ಕಲಿಯೋಕೆ ಒಂದು ತಿಂಗಳು ಸಾಕು. ಬಡ್ಡಿ ಲೆಕ್ಕವಂತೂ ನಮ್ಮ ಮನೆಯಲ್ಲೇ ಇದೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಅಂತ ಸಾಹುಕಾರ ಕೊಟ್ಟರೆ ವರ್ಷಕ್ಕೆ 36. ಕಟ್ಟದೇ ಹೋಗಿ ಬಡ್ಡಿಗೆ ಬಡ್ಡಿ ಸೇರಿದರೆ 42 ದಾಟುತ್ತೆ. ಇದೇ ಚಕ್ರಬಡ್ಡಿ. ನಿಮ್ಮಪ್ಪ ಕಟ್ಟಿದ್ದನ್ನು ನೀವು ಪರೀಕ್ಷೆಯಲ್ಲಿ ಬರೀತೀರಿ, ಅಷ್ಟೇ. (ನಗು)

ಇಂಗ್ಲಿಷ್ ಭಾಗವೇ ನಮಗೆ ಕಷ್ಟ. ಪರೀಕ್ಷೆ ಕನ್ನಡದಲ್ಲಿ ಇಲ್ಲ. ಇದು ಅನ್ಯಾಯ ಅಂತ ನಾವು ಹೇಳಬೇಕು, ಹೇಳ್ತಾನೇ ಇರಬೇಕು. ಆದರೆ ಈ ವರ್ಷ ಕೂರೋ ಹುಡುಗಿ ಆ ನ್ಯಾಯ ಬರುವ ತನಕ ಕಾಯೋಕೆ ಆಗಲ್ಲ. ಲೈಬ್ರರಿಯಲ್ಲಿ ಇಂಗ್ಲಿಷ್ ಪೇಪರು ಬರುತ್ತೆ, ದಿನಕ್ಕೆ ಒಂದು ಸಂಪಾದಕೀಯ ಓದಿ. ಪದ ಪದಕ್ಕೂ ಡಿಕ್ಷನರಿ ನೋಡಬೇಡಿ. ಏನು ಹೇಳ್ತಾನೆ, ಯಾಕೆ ಹೇಳ್ತಾನೆ ಅಂತ ಕನ್ನಡದಲ್ಲೇ ಎರಡು ಸಾಲು ಬರೆದಿಡಿ. ಪರೀಕ್ಷೆ ಕೇಳೋದೂ ಅದನ್ನೇ. ಸಾವಿರಾರು ರೂಪಾಯಿ ಕೊಟ್ಟು ಕೋಚಿಂಗಿಗೆ ಹೋಗಲೇಬೇಕು ಅಂತಿಲ್ಲ. ಕ್ಯಾಟ್‌ನವರೇ ಮಾದರಿ ಪರೀಕ್ಷೆಯನ್ನು ಪುಕ್ಕಟೆ ಹಾಕಿರ್ತಾರೆ. ಕಂಪ್ಯೂಟರಿನ ಮುಂದೆ ಗಡಿಯಾರ ಇಟ್ಟುಕೊಂಡು ಅದನ್ನು ಹತ್ತು ಸಲ ಮಾಡಿ.

ಪರ್ಸೆಂಟೈಲ್ ಅನ್ನೋ ಪದಕ್ಕೆ ನಮ್ಮ ಎಷ್ಟೋ ಹುಡುಗರು ಹೆದರಿ ಕೂತಿದ್ದಾರೆ. 'ತೊಂಬತ್ತೊಂಬತ್ತು ಬೇಕಂತಲ್ಲ ಸಾರ್, ನಂಗೆ ಎಸ್ಸೆಸ್ಸೆಲ್ಸಿಯಲ್ಲೇ ಅರವತ್ತು' ಅಂತಾರೆ. ಅದು ನೂರಕ್ಕೆ ಇಷ್ಟು ಅಂಕ ಅಂತ ಅಲ್ಲ. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಎಷ್ಟು ಜನ ನಿಮ್ಮ ಹಿಂದೆ ಇದ್ದಾರೆ ಅನ್ನೋ ಲೆಕ್ಕ. ಪರೀಕ್ಷೆ ಎಷ್ಟು ಬಿಗಿ ಅಂದರೆ ಒಟ್ಟು ಅಂಕದಲ್ಲಿ ಅರ್ಧ ಬಂದರೂ 99ರ ಹತ್ತಿರ ಹೋಗಿರೋ ವರ್ಷಗಳಿವೆ. ಅರ್ಧಕ್ಕರ್ಧ ಪ್ರಶ್ನೆ ಬಿಟ್ಟುಬಂದವರು ಅಳುತ್ತಾ ಬರಬೇಕಾಗಿಲ್ಲ. ಮೇಲಾಗಿ ನಮಗೆ ಸಂದರ್ಶನಕ್ಕೆ ಕರೆಯೋ ಮಿತಿ ಬೇರೆ ಇರುತ್ತೆ. ಪ್ರತಿ ಸಂಸ್ಥೆಯೂ ಅದನ್ನು ಮೊದಲೇ ಪ್ರಕಟಿಸುತ್ತೆ. ಮೂರು ಭಾಗಕ್ಕೂ ಬೇರೆ ಬೇರೆ ಮಿತಿ ಇರೋದರಿಂದ ಗಣಿತದಲ್ಲಿ ಬಂತು ಅಂತ ಇಂಗ್ಲಿಷ್ ಕೈಬಿಡೋ ಹಾಗಿಲ್ಲ.

ಈಗ ಕಾಗದಪತ್ರ. ಪರೀಕ್ಷೆಯಲ್ಲಿ ಸೋತರೆ ಮುಂದಿನ ವರ್ಷ ಇದೆ. ಕಾಗದದಲ್ಲಿ ಸೋತರೆ ಗೆದ್ದದ್ದೂ ಹೋಗುತ್ತೆ. ಜಾತಿ ಸರ್ಟಿಫಿಕೇಟನ್ನು ಅರ್ಜಿ ಹಾಕುವಾಗಲೇ ಸೇರಿಸಬೇಕು. ಅರ್ಜಿಯ ದಿನ ಮುಗಿದ ಮೇಲೆ ಸಾಮಾನ್ಯ ಅಂತ ಹಾಕಿದ್ದನ್ನು ಪರಿಶಿಷ್ಟ ಅಂತ ತಿದ್ದೋಕೆ ಬಿಡೋದಿಲ್ಲ. ಕೆಲವರು ಬೇಕಂತಲೇ ಸಾಮಾನ್ಯ ಅಂತ ಹಾಕ್ತಾರೆ. 'ನಾನು ಮೆರಿಟ್ಟಲ್ಲೇ ಹೋಗ್ತೀನಿ' ಅಂತ ಒಬ್ಬ, 'ಫ್ರೆಂಡ್ಸ್‌ಗೆ ಗೊತ್ತಾಗುತ್ತೆ' ಅಂತ ಇನ್ನೊಬ್ಬ. ಅಯ್ಯಾ, ಮೆರಿಟ್ಟು ಇದ್ದರೆ ಆ ಗುರುತು ಹಾಕಿದ ಮಾತ್ರಕ್ಕೆ ಒಂದು ಅಂಕವೂ ಕಡಿಮೆ ಆಗಲ್ಲ. ಫ್ರೆಂಡ್ಸ್‌ಗೆ ಹೇಗೂ ಗೊತ್ತಿರುತ್ತೆ, ನಿಮ್ಮೂರ ಹೆಸರು ಹೇಳಿ ಯಾವ ಬೀದಿ ಅಂತ ಕೇಳಿ ಆಗಲೇ ತಿಳ್ಕೊಂಡಿರ್ತಾರೆ. ಮುಚ್ಚಿಟ್ಟು ನಷ್ಟ ಮಾಡಿಕೊಂಡವರು ನಾವು ಮಾತ್ರ ಆಗ್ತೀವಿ.

ಆ ಸರ್ಟಿಫಿಕೇಟ್ ಕೇಂದ್ರ ಸರ್ಕಾರದ ನಮೂನೆಯಲ್ಲಿ, ತಹಸೀಲ್ದಾರರ ಸಹಿಯೊಂದಿಗೆ ಇರಬೇಕು. ನಮೂನೆ ಕ್ಯಾಟ್‌ನವರ ಪ್ರಕಟಣೆಯಲ್ಲೇ ಇರುತ್ತೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಾಡಕಚೇರಿಗೆ ಹೋಗಿ. ಹೆಸರು ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಜಾತಿ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಶಾಲೆಗೆ ಸೇರಿಸೋ ದಿನ ಮೇಷ್ಟ್ರು ತಮಗೆ ಕೇಳಿಸಿದ ಹಾಗೆ ಬರೆದಿರ್ತಾರೆ. ಅಪ್ಪ ಹೆಬ್ಬೆಟ್ಟು ಒತ್ತಿ ಬಂದಿರ್ತಾನೆ. ಇಪ್ಪತ್ತು ವರ್ಷದ ಮೇಲೆ ಆ ಒಂದು ಅಕ್ಷರಕ್ಕೆ ಸೀಟು ಒದ್ದಾಡುತ್ತೆ. ಇದನ್ನು ಸರಿ ಮಾಡಿಸೋಕೆ ತಿಂಗಳುಗಟ್ಟಲೆ ಬೇಕು. ಜೂನ್‌ನಲ್ಲಿ ಶುರು ಮಾಡಿ.

ದುಡ್ಡಿನ ವಿಷಯಕ್ಕೆ ಬರೋಣ. ಹಳೆಯ ಐ.ಐ.ಎಂ.ಗಳಲ್ಲಿ ಎರಡು ವರ್ಷಕ್ಕೆ 25 ಲಕ್ಷದ ಆಸುಪಾಸು. ಇಷ್ಟು ಕೇಳಿದ ಕೂಡಲೇ ಅರ್ಧ ಜನ ಮನಸ್ಸಿನಲ್ಲೇ ಎದ್ದು ಹೋದಿರಿ, ನನಗೆ ಕಾಣ್ತಾ ಇದೆ. ಕೂತ್ಕೊಳ್ಳಿ. ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯಲ್ಲಿ ಟಾಪ್ ಕ್ಲಾಸ್ ಸ್ಕಾಲರ್‌ಶಿಪ್ ಅಂತ ಇದೆ, 2007ರಲ್ಲಿ ಶುರುವಾದದ್ದು. ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿರೋ ಪರಿಶಿಷ್ಟ ಜಾತಿಯವರಿಗೆ ಐ.ಐ.ಎಂ.ನಂಥ ಸರ್ಕಾರಿ ಸಂಸ್ಥೆಯ ಬೋಧನಾ ಶುಲ್ಕವನ್ನು ಪೂರ್ತಿ ಕೊಡುತ್ತೆ. ಪಂಗಡದವರಿಗೆ ಬುಡಕಟ್ಟು ಇಲಾಖೆಯಲ್ಲಿ ಇಂಥದ್ದೇ ಇದೆ, ಅಲ್ಲಿ ಮಿತಿ 6 ಲಕ್ಷ. ಪ್ರತಿ ಸಂಸ್ಥೆಗೆ ಇಷ್ಟೇ ಜನ ಅಂತ ಲೆಕ್ಕ ಇರುತ್ತೆ. ಆದ್ದರಿಂದ ಸೇರಿದ ದಿನವೇ ಕಚೇರಿಗೆ ಹೋಗಿ ಕೇಳಬೇಕು, ಯಾರಾದರೂ ಕರೆದು ಹೇಳ್ತಾರೆ ಅಂತ ಕಾಯಬಾರದು. ಸಿಗದಿದ್ದರೆ ಬ್ಯಾಂಕ್ ಸಾಲ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಇಂಥ ಸಂಸ್ಥೆಗಳಿಗೆ ಅಡಮಾನ ಇಲ್ಲದೆ, ಜಾಮೀನು ಇಲ್ಲದೆ ಸಾಲ ಕೊಡಬೇಕು ಅಂತಿದೆ. ಮ್ಯಾನೇಜರು ಪಹಣಿ ಕೇಳಿದರೆ ಈ ಮಾತನ್ನು ಅವರ ಮುಂದೆ ಇಡಿ.

ತೊಂದರೆ ಇರೋದು ನಡುವೆ. ಸೀಟು ಸಿಕ್ಕಿತು ಅಂತ ಕಾಗದ ಬಂದ ಕೆಲವೇ ದಿನಗಳಲ್ಲಿ ಮೊದಲ ಕಂತು ಕಟ್ಟಬೇಕು. ಸ್ಕಾಲರ್‌ಶಿಪ್ ಬರೋದು ಆಮೇಲೆ. 2024ರಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯಲ್ಲಿ ದಿನಗೂಲಿ ಮಾಡುವ ದಲಿತರೊಬ್ಬರ ಮಗನಿಗೆ ಧನಬಾದಿನ ಐ.ಐ.ಟಿ.ಯಲ್ಲಿ ಸೀಟು ಸಿಕ್ಕಿತು. ಕಟ್ಟಬೇಕಾಗಿದ್ದದ್ದು 17,500 ರೂಪಾಯಿ. ಜೂನ್ 24, ಸಂಜೆ 5 ಗಂಟೆಯ ಒಳಗೆ. ಊರಲ್ಲಿ ಅವರಿವರ ಹತ್ತಿರ ಎತ್ತಿ ಹೊಂದಿಸುವಷ್ಟರಲ್ಲಿ ಗಂಟೆ ಆಗಿಹೋಯಿತು, ದುಡ್ಡು ಕಟ್ಟೋಕೆ ಆಗಲಿಲ್ಲ. ಸೀಟು ಹೋಯಿತು. ಆ ಹುಡುಗ ಸುಪ್ರೀಂ ಕೋರ್ಟಿನ ತನಕ ಹೋದ. ಸೆಪ್ಟೆಂಬರ್ 30ರಂದು ಕೋರ್ಟು, ಇವನನ್ನು ಸೇರಿಸಿಕೊಳ್ಳಿ ಅಂತ ಆಜ್ಞೆ ಮಾಡಿತು. ಅವನಿಗೆ ಸಿಕ್ಕಿತು, ಸಂತೋಷ. ಎಲ್ಲರೂ ಸುಪ್ರೀಂ ಕೋರ್ಟಿಗೆ ಹೋಗೋಕೆ ಆಗುತ್ತಾ? ಆದ್ದರಿಂದ ನನ್ನ ಸಲಹೆ ಸಂಘಟನೆಯವರಿಗೆ: ನಮ್ಮಲ್ಲಿ ನೌಕರಿ ಸೇರಿದವರು ಸೇರಿಕೊಂಡು ಪ್ರತಿ ಜಿಲ್ಲೆಯಲ್ಲೂ ಒಂದು ಸಣ್ಣ ಕೈಗಡದ ನಿಧಿ ಇಟ್ಟುಕೊಳ್ಳಬೇಕು. ಸ್ಕಾಲರ್‌ಶಿಪ್ ಬಂದ ಮೇಲೆ ಹುಡುಗರು ಹಿಂದಕ್ಕೆ ಕಟ್ಟಲಿ. ದೊಡ್ಡ ಸಮಾವೇಶದ ಪೆಂಡಾಲಿನ ಬಾಡಿಗೆಗಿಂತ ಇದಕ್ಕೆ ಕಡಿಮೆ ಹಿಡಿಯುತ್ತೆ.

ಕೊನೆಗೆ ಸಂದರ್ಶನ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಪರೀಕ್ಷೆ ದಾಟಿ ಬಂದವರನ್ನು ಕರೆದು ಒಂದು ವಿಷಯದ ಮೇಲೆ ಬರೆಯೋಕೆ ಹೇಳೋದುಂಟು, ಆಮೇಲೆ ಎದುರು ಕೂರಿಸಿ ಕೇಳ್ತಾರೆ. ಹತ್ತನೇ ತರಗತಿಯಿಂದ ಡಿಗ್ರಿವರೆಗಿನ ಅಂಕವನ್ನೂ ಲೆಕ್ಕಕ್ಕೆ ಹಿಡಿಯೋ ಸಂಸ್ಥೆಗಳಿವೆ. ಅದನ್ನು ಈಗ ಬದಲಾಯಿಸೋಕೆ ಆಗಲ್ಲ, ಬಿಡಿ. ಬದಲಾಯಿಸಬಹುದಾದದ್ದು ನಿಮ್ಮ ಬಗ್ಗೆ ನೀವು ಏನು ಹೇಳ್ತೀರಿ ಅನ್ನೋದು.

ಕಳೆದ ಶಿಬಿರದಲ್ಲಿ ಒಬ್ಬ ಹುಡುಗಿಯನ್ನು ಕೇಳಿದೆ.
'ಓದಿನ ಜೊತೆಗೆ ಏನು ಮಾಡಿದ್ದೀಯಮ್ಮಾ?'
'ಏನೂ ಮಾಡಿಲ್ಲಣ್ಣ.'
'ರಜೆಗೆ ಊರಿಗೆ ಹೋದಾಗ?'
'ಅವ್ವನ ಸಂಘದ ಪುಸ್ತಕ ಬರೀತೀನಿ. ಅವ್ವಂಗೆ ಬರೆಯೋಕೆ ಬರಲ್ಲ.'
'ಸಂಘದಲ್ಲಿ ಎಷ್ಟು ಜನ?'
'ಹದಿನೈದು. ವಾರಕ್ಕೆ ಐವತ್ತು ರೂಪಾಯಿ ಉಳಿತಾಯ. ಸಾಲ ತಗೊಂಡೋರು ನೂರಕ್ಕೆ ಎರಡು ಕಟ್ತಾರೆ.'
'ಯಾರಾದ್ರೂ ಕಟ್ಟದೇ ಹೋದರೆ?'
ಆಗ ಅವಳ ಮಾತು ಬಿಚ್ಚಿತು. ಒಬ್ಬಾಕೆಯ ಗಂಡ ಆಸ್ಪತ್ರೆ ಸೇರಿದ್ದ, ಮೂರು ವಾರ ಕಂತು ಬಂದಿರಲಿಲ್ಲ. ದಂಡ ಹಾಕಿ ಅಂತ ಕೆಲವರು ಗಲಾಟೆ ಮಾಡಿದರು. ಇವಳು ಪುಸ್ತಕ ತೆಗೆದು, ಆಕೆ ಎರಡು ವರ್ಷದಲ್ಲಿ ಒಂದು ವಾರವೂ ತಪ್ಪಿಸಿಲ್ಲ ಅಂತ ಎಲ್ಲರಿಗೂ ತೋರಿಸಿ, ಬಾಕಿಯನ್ನು ಹತ್ತು ವಾರಕ್ಕೆ ಹಂಚಿ ಬರೆದಳಂತೆ. ಹತ್ತು ವಾರದಲ್ಲಿ ಎಲ್ಲಾ ಬಂತು.

ಈ ಹುಡುಗಿ ಏನೂ ಮಾಡಿಲ್ಲವಂತೆ! ಸಾಲ ಕೊಡೋದು, ತೀರಿಸೋ ಶಕ್ತಿ ಅಳೆಯೋದು, ಜಗಳ ಬಿಡಿಸೋದು, ಲೆಕ್ಕ ಒಪ್ಪಿಸೋದು. ಆ ಕಲ್ಲುಕಟ್ಟಡದಲ್ಲಿ ಎರಡು ವರ್ಷ ಪಾಠ ಮಾಡೋದು ಇದನ್ನೇ. ನಿಮ್ಮಲ್ಲಿ ಹಾಸ್ಟೆಲಿನ ಆಹಾರ ಸಮಿತಿಯಲ್ಲಿ ಇದ್ದವರು ಎಷ್ಟು ಜನ? ಕೈ ಎತ್ತಿ. ನೋಡಿ, ಎಷ್ಟು ಕೈ! ತಿಂಗಳ ಕೊನೆಗೆ ಅಕ್ಕಿ ಮುಗಿದಾಗ, ಅಡುಗೆಯವರು ರಜೆ ಹಾಕಿದಾಗ, ತರಕಾರಿಯವನು ತೂಕದಲ್ಲಿ ಮೋಸ ಮಾಡಿದಾಗ ನೂರಾರು ಹುಡುಗರಿಗೆ ಊಟ ಹೊಂದಿಸಿದವರು ನೀವು. ಅದನ್ನು ಹೇಳಿ. ಎಷ್ಟು ಜನ, ಎಷ್ಟು ಕೆಜಿ, ಎಷ್ಟು ಉಳೀತು ಅಂತ ಅಂಕಿ ಸಮೇತ ಹೇಳಿ. ಒಂದು ಎಚ್ಚರಿಕೆ: ಅರ್ಜಿಯಲ್ಲಿ ಕೆಲಸದ ಅನುಭವ ಅನ್ನೋ ಕಡೆ ಇದನ್ನು ತುಂಬಬೇಡಿ. ಅಲ್ಲಿ ಡಿಗ್ರಿ ಆದ ಮೇಲಿನ ಪೂರ್ಣಾವಧಿ ಸಂಬಳದ ಕೆಲಸ ಮಾತ್ರ ಲೆಕ್ಕ. ಇದನ್ನು ಹೇಳೋ ಜಾಗ ಸಂದರ್ಶನ.

ಬಡತನ ಹೇಳಿ ಕಣ್ಣೀರು ತರಿಸೋಕೆ ಹೋಗಬೇಡಿ. ಎದುರು ಕೂತವರು ಅಯ್ಯೋ ಅಂತಾರೆ, ಅಂಕ ಕೊಡೋದಿಲ್ಲ. ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯ ಸಾಕು. ಪ್ರಶ್ನೆ ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ, ತಪ್ಪಿಲ್ಲ. ನಿಮ್ಮೂರಿನ ಬಗ್ಗೆ ಕೇಳ್ತಾರೆ. ಏನು ಬೆಳೀತೀರಿ, ಕ್ವಿಂಟಾಲಿಗೆ ಎಷ್ಟು, ಡೇರಿಯಲ್ಲಿ ಹಾಲಿಗೆ ಎಷ್ಟು ಕೊಡ್ತಾರೆ ಅಂತ ತಿಳಿದುಕೊಂಡು ಹೋಗಿ. ಊರಿಂದ ಬಂದವನಿಗೆ ಊರಿನ ಲೆಕ್ಕವೇ ಗೊತ್ತಿಲ್ಲದಿದ್ದರೆ ನಾಚಿಕೆ. ಯಾರಾದರೂ ಮೀಸಲಾತಿ ಬೇಕಾ ಅಂತ ಕೆಣಕಿದರೆ ಸಿಟ್ಟಾಗಬೇಡಿ, ತಲೆಯನ್ನೂ ತಗ್ಗಿಸಬೇಡಿ. 1951ರಲ್ಲಿ ಮೊದಲನೇ ತಿದ್ದುಪಡಿಯಲ್ಲಿ 15(4)ನೇ ವಿಧಿ ಬಂತು, ಮದರಾಸಿನ ಚಂಪಕಂ ದೊರೈರಾಜನ್ ಕೇಸಿನ ತೀರ್ಪಿನ ಮೇಲೆ ಬಂತು, ಅಂತ ತಣ್ಣಗೆ ಹೇಳಿ. ವಿಷಯ ತಿಳಿದವರ ಮುಂದೆ ಕೆಣಕೋರು ಕಡಿಮೆ.

ಒಳಗೆ ಹೋದ ಮೇಲೆ ಹೂವಿನ ಹಾಸಿಗೆ ಇಲ್ಲ. ನಮ್ಮವರು ಮೇಷ್ಟ್ರಾಗಿರೋದು ಅಲ್ಲಿ ಬಹಳ ಕಡಿಮೆ. 2019ರಲ್ಲಿ ಕೇಂದ್ರದ ಸಂಸ್ಥೆಗಳ ಮೇಷ್ಟ್ರ ನೇಮಕಕ್ಕೆ ಮೀಸಲಾತಿ ಕಾನೂನು ಬಂದಾಗ, ತಮಗೆ ವಿನಾಯ್ತಿ ಕೊಡಿ ಅಂತ ಐ.ಐ.ಎಂ.ಗಳು ಕೇಂದ್ರವನ್ನು ಕೇಳಿಕೊಂಡವು. ಮೊದಲ ಮೂರು ತಿಂಗಳು ಇಂಗ್ಲಿಷೂ ಲೆಕ್ಕವೂ ಒಟ್ಟಿಗೇ ಮೈಮೇಲೆ ಬೀಳ್ತವೆ. ಹಿಂದಿನ ವರ್ಷ ಸೇರಿದ ನಮ್ಮ ಹುಡುಗರನ್ನು ಹುಡುಕಿಕೊಂಡು ಹೋಗಿ, ಅವರ ನೋಟ್ಸು ಕೇಳಿ. ಒಬ್ಬರೇ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರಬೇಡಿ. ಮನೆಗೆ ಫೋನ್ ಮಾಡಿ 'ಚೆನ್ನಾಗಿದೀನಿ ಅವ್ವ' ಅಂತ ಸುಳ್ಳು ಹೇಳೋದಕ್ಕಿಂತ ಇಲ್ಲಿ ನಮಗೆ ಫೋನ್ ಮಾಡಿ ನಿಜ ಹೇಳಿ.

ಊಟಕ್ಕೆ ಕರೀತಾ ಇದ್ದಾರೆ. ಮಾರ್ಕ್ಸ್ ಕಾರ್ಡಿನಲ್ಲೂ ಜಾತಿ ಸರ್ಟಿಫಿಕೇಟಿನಲ್ಲೂ ಹೆಸರು ಬೇರೆ ಬೇರೆ ಇರೋರು ಊಟ ಆದ ಮೇಲೆ ಆ ಮೂಲೆಯ ಬೆಂಚಿನ ಹತ್ರ ಬನ್ನಿ, ನಮ್ಮ ವಕೀಲರು ಕೂತಿರ್ತಾರೆ. ಜೆರಾಕ್ಸ್ ತಂದಿಲ್ಲದವರು ಹೆಸರು ಬರೆಸಿ ಹೋಗಿ. ಆಹಾರ ಸಮಿತಿ ಅಂತ ಕೈ ಎತ್ತಿದವರು ಮೊದಲು ಬಡಿಸೋಕೆ ನಡೀರಿ.